ಖಾಡಿಯ ಉಪ್ಪು, ಕೊರಳ ಗ್ರಂಥಿ

ಭಾಯಂದರ್‌ನಿಂದ ಉರಣ್‌ವರೆಗೆ ಖಾಡಿಗಳ ದಡದಲ್ಲಿ ಆಗ್ರಿ ಜನ ತಲೆತಲಾಂತರದಿಂದ ಉಪ್ಪು ಬೆಳೆದವರು. 1970ರಲ್ಲಿ ನಗರ ನಿರ್ಮಾಣದ ಸರ್ಕಾರಿ ಸಂಸ್ಥೆ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿಗೆ ಭೂಸ್ವಾಧೀನ ಶುರುವಾದಾಗ ಗದ್ದೆಗಳ ಜೊತೆ ಎಷ್ಟೋ ಮಿಠಾಗರಗಳೂ, ಅಂದರೆ ಉಪ್ಪಿನ ಆಗರಗಳೂ, ಹೋದವು. ಹೋಗದೆ ಉಳಿದದ್ದು ಒಂದು ನಂಬಿಕೆ: ಕಡಲ ಉಪ್ಪು ತಿನ್ನುವವರಿಗೆ ಅಯೋಡಿನ್ ಕೊರತೆಯಿಲ್ಲ, ಗಳಗಂಡವೇನಿದ್ದರೂ ಬೆಟ್ಟದ ಸೀಮೆಯ ರೋಗ. ಸರ್ಕಾರವೂ ಇದಕ್ಕೆ ಇಂಬು ಕೊಟ್ಟಿತೆನ್ನಬೇಕು. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಹಂಚಿ, ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಮೊದಲು ಕಣ್ಣಿಟ್ಟಿದ್ದೂ ಹಿಮಾಲಯದ ತಪ್ಪಲಿನ ಮೇಲೆಯೇ.

ಆಗರದ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಭರತದ ನೀರನ್ನು ತೂಬಿನಿಂದ ಒಳಗೆ ಬಿಟ್ಟು, ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲಿಗೆ ಕಾಯಿಸುತ್ತಾರೆ. ಹರಳು ಕಟ್ಟಿದ ಮೇಲೆ ಎಳೆದು ಬದುವಿನ ಮೇಲೆ ರಾಶಿ ಹಾಕಿ, ಮಿಕ್ಕ ಕಹಿನೀರನ್ನು ಹೊರಬಿಡುತ್ತಾರೆ. ಅಯೋಡಿನ್ನಿನ ಬಹುಪಾಲು ಆ ಕಹಿನೀರಿನ ಜೊತೆಗೇ ಖಾಡಿಗೆ ಮರಳುತ್ತದೆ. ತೊಟ್ಟೂ ಸೋರದೆ ಎಲ್ಲ ಉಪ್ಪಿಗೇ ಬಂತೆಂದೇ ಇಟ್ಟುಕೊಳ್ಳೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಲವಣ ಸುಮಾರು 35 ಗ್ರಾಂ, ಅಯೋಡಿನ್ ಸುಮಾರು 60 ಮೈಕ್ರೋಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ ದಕ್ಕುವ ಅಯೋಡಿನ್ 20 ಮೈಕ್ರೋಗ್ರಾಂ ಮುಟ್ಟದು. ದೊಡ್ಡವರಿಗೆ ಬೇಕಾದದ್ದು 150. ಥೈರಾಯ್ಡ್ ಗ್ರಂಥಿ ತನ್ನ ಟಿ4, ಟಿ3 ಹಾರ್ಮೋನುಗಳನ್ನು ಕಟ್ಟುವುದೇ ಅಯೋಡಿನ್ನಿನಿಂದ. ಅದು ಸಾಲದೆ ಹೋದಾಗ ಪಿಟ್ಯುಟರಿಯು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಗ್ರಂಥಿಯನ್ನು ದುಡಿಸುತ್ತದೆ, ಅದು ದುಡಿದು ದುಡಿದು ಊದಿಕೊಳ್ಳುತ್ತದೆ; ಅದೇ ಗಳಗಂಡ. ದಡದ ಮನೆಗಳಿಗೆ ಕಡಲು ಅಯೋಡಿನ್ ಕೊಟ್ಟಿದ್ದರೆ ಅದು ಮೀನಿನ ಮೂಲಕ. ಡೊಂಬಿವಲಿಯಲ್ಲಿ ನೆಲೆಸಿದ, ಮೀನು ಮುಟ್ಟದ ಕನ್ನಡ ಮನೆಗೆ ಆ ಆಸರೆಯೂ ಇಲ್ಲ.

ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದಕ್ಕೆ 1998ರಲ್ಲಿ ನಿಷೇಧ ಬಂತು, 2000ದಲ್ಲಿ ತೆರವಾಯಿತು, 2006ರಲ್ಲಿ ಮತ್ತೆ ಬಂತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ವಡಾಳಾದ ಆಗರಗಳಲ್ಲಿ ಲಾಠಿ ಏಟು ತಿಂದು ಬಿಡಿಸಿಕೊಂಡ ಉಪ್ಪಿಗೆ ಮತ್ತೆ ಸಂಕೋಲೆಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಇನ್ನೊಂದು ಆಕ್ಷೇಪವೂ ಉಂಟು: ಈಗ ಮನೆಮನೆಯಲ್ಲೂ ಅಯೋಡಿನ್ ಉಪ್ಪಿದ್ದರೂ ಥಾಣೆ, ಕಲ್ಯಾಣ್‌ಗಳಲ್ಲಿ ಇಷ್ಟೊಂದು ಜನರಿಗೆ ಥೈರಾಯ್ಡ್ ಮಾತ್ರೆ ಏಕೆ? ಇದು ಬೇರೆಯೇ ಕಾಯಿಲೆ. ಹಾಶಿಮೊಟೊ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಸವೆಸುತ್ತದೆ; ಗ್ರೇವ್ಸ್‌ನಲ್ಲಿ ಅದೇ ವ್ಯವಸ್ಥೆ ಗ್ರಂಥಿಯನ್ನು ಮಿತಿಮೀರಿ ಕೆರಳಿಸುತ್ತದೆ. ಅಯೋಡಿನ್ ಹೆಚ್ಚಾದರೆ ಕೆಲವರಲ್ಲಿ ಇಂಥವು ತಲೆಯೆತ್ತಬಹುದು ಎಂಬುದೂ ನಿಜ. ಆದರೆ ಹಾರ್ಮೋನು ಕಡಿಮೆಯಾದವರನ್ನು ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಕಾಯುತ್ತದೆ. ಅಯೋಡಿನ್ ಸಾಲದೆ ಬಸಿರಿನಲ್ಲೇ ಕುಂದಿದ ಮಗುವಿನ ಮಿದುಳನ್ನು ಯಾವ ಮಾತ್ರೆಯೂ ಮರಳಿಸದು. ಅದಕ್ಕೇ ನಿಷೇಧ ಸರಿ ಎನ್ನುತ್ತೇನೆ. ಸರಿಯಿಲ್ಲದ್ದು ಅದರ ಹೊರೆಯನ್ನು ಸಣ್ಣ ಆಗರದವರ ತಲೆಗೆ ಕಟ್ಟಿದ್ದು. ಉಪ್ಪಿಗೆ ಅಯೋಡಿನ್ ಒದಗಿಸುವ ಅಯೋಡೇಟ್ ಸಿಂಪಡಿಸುವ ಯಂತ್ರವನ್ನು ಸಹಕಾರ ಸಂಘಗಳ ಮೂಲಕ ಆಗರದ ಬಾಗಿಲಿಗೇ ತಲುಪಿಸಿ, ಆಮೇಲೆ ಕಾನೂನು ತರಬೇಕಿತ್ತು.