ರಾಷ್ಟ್ರಪತಿ ಯಾರಾದ್ರೆ ಮೋರಖಂಡಿಗೇನು?

‘ರಾಷ್ಟ್ರಪತಿ ಯಾರಾದ್ರೆ ನಮಗೇನ್ರಿ?’ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯ ಕಟ್ಟೆ ಮೇಲೆ ಕೂತವರು ಹೀಗೆ ಕೇಳಿದರೆ ತಪ್ಪು ಹುಡುಕಬೇಡಿ. ಆ ಚುನಾವಣೆಯಲ್ಲಿ ಅವರ ಬೆರಳಿಗೆ ಶಾಯಿ ಬೀಳುವುದಿಲ್ಲ. ಟಿವಿಯಲ್ಲೂ ಅಷ್ಟೇ. ಯಾರು ಗೆದ್ದರು, ಯಾವ ಸಮುದಾಯ, ಯಾವ ಪಕ್ಷಕ್ಕೆ ಮುಖಭಂಗ, ಅಲ್ಲಿಗೆ ಚರ್ಚೆ ಖಲಾಸ್. ಆದರೆ ಈ ಫಲಿತಾಂಶದ ನಿಜವಾದ ಅರ್ಥ ಎಣಿಕೆಯ ದಿನ ಗೊತ್ತಾಗೋದೇ ಇಲ್ಲ ಎಂಬುದು ನನ್ನ ವಾದ. ಅದಕ್ಕೆ ಇತಿಹಾಸವೇ ಸಾಕ್ಷಿ.

ಮೊದಲು ಲೆಕ್ಕ. ಎಂಜಿನಿಯರಿಂಗ್ ಓದಿದವನು, ಲೆಕ್ಕ ಬಿಟ್ಟು ಮಾತಾಡೋಕೆ ಮನಸ್ಸು ಒಪ್ಪಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತದ ಮೌಲ್ಯ 131. 1971ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 2.93 ಕೋಟಿ. ಅದನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿ, ಸಿಕ್ಕಿದ್ದೇ 131. ಅಂದರೆ ಬಸವಕಲ್ಯಾಣದ ಶಾಸಕರು ಮತಪತ್ರದಲ್ಲಿ ಗುರುತು ಹಾಕುವಾಗ ಆ 131ರೊಳಗೆ ಮೋರಖಂಡಿಯೂ ಕೂತಿರುತ್ತದೆ. ಮತ ನಿಮ್ಮದಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅದು ಶಾಸಕರ ಕೈಯಿಂದ ಹೋಗುತ್ತದೆ, ಅಷ್ಟೇ.

ಈ ನೆಲಕ್ಕೆ ಅರಸರೇನೂ ಹೊಸಬರಲ್ಲ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಮೋರಖಂಡಿ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಪಕ್ಕದ ಕಲ್ಯಾಣದಲ್ಲಿ ಚಾಲುಕ್ಯರು ಆಳಿದರು, 12ನೇ ಶತಮಾನದಲ್ಲಿ ಬಿಜ್ಜಳ ಆಳಿದ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು ಎನ್ನುತ್ತದೆ ಶರಣ ಪರಂಪರೆ. ಅರಸ ಆಜ್ಞೆ ಹೊರಡಿಸಿದ ಮೇಲೆ ‘ಇನ್ನೊಮ್ಮೆ ಯೋಚಿಸಿ’ ಅನ್ನುವ ಅಧಿಕಾರ ಯಾರಿಗಿತ್ತು? ನಿಜಾಮರ ಕಾಲದಲ್ಲೂ ಕೊನೆಯ ಮಾತು ನಿಜಾಮರದೇ. 1948ರ ಸೆಪ್ಟೆಂಬರ್ 17ಕ್ಕೆ ಅದು ಮುಗಿಯಿತು. 1952ರಲ್ಲಿ ಮೊದಲ ರಾಷ್ಟ್ರಪತಿ ಚುನಾವಣೆ ನಡೆದಾಗ ಬೀದರ್ ಜಿಲ್ಲೆಯ ಶಾಸಕರು ಮತ ಹಾಕಿದ್ದು ಹೈದರಾಬಾದ್ ವಿಧಾನಸಭೆಯ ಸದಸ್ಯರಾಗಿ. ನಾಲ್ಕೇ ವರ್ಷದಲ್ಲಿ ಪ್ರಜೆಗಳು ಮತದಾರರಾಗಿದ್ದರು. ಸಣ್ಣ ಮಾತಲ್ಲ.

ಈಗ 1974ಕ್ಕೆ ಬನ್ನಿ. ಆಗಸ್ಟ್‌ನಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ತ್ರಿದಿಬ್ ಚೌಧುರಿ ಅವರನ್ನು ಸುಮಾರು ಶೇ. 80ರಷ್ಟು ಮತಗಳೊಂದಿಗೆ ಸೋಲಿಸಿದರು. ಏಕಪಕ್ಷೀಯ ಪಂದ್ಯ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷ ತುಂಬುವ ಮೊದಲೇ, 1975ರ ಜೂನ್ 25ರ ರಾತ್ರಿ, ಒಂದು ಕಾಗದ ಅವರ ಮೇಜಿಗೆ ಬಂತು. ಸಚಿವ ಸಂಪುಟ ಇನ್ನೂ ಸೇರಿರಲಿಲ್ಲ. ಅದು ಸೇರಿದ್ದು ಮರುದಿನ ಬೆಳಗ್ಗೆ. ರಾಷ್ಟ್ರಪತಿಗಳು ರಾತ್ರಿಯೇ ಸಹಿ ಹಾಕಿದರು. ತುರ್ತು ಪರಿಸ್ಥಿತಿ ಜಾರಿಯಾಯಿತು.

ಜೂನ್ 27ರಂದು ಇನ್ನೊಂದು ಆದೇಶ. 14, 21 ಮತ್ತು 22ನೇ ವಿಧಿಗಳ ರಕ್ಷಣೆ ಕೋರಿ ಕೋರ್ಟಿಗೆ ಹೋಗುವ ಹಕ್ಕೇ ಅಮಾನತು! 14 ಎಂದರೆ ಕಾನೂನಿನ ಮುಂದೆ ಸಮಾನತೆ. 21 ಎಂದರೆ ಜೀವ ಮತ್ತು ಸ್ವಾತಂತ್ರ್ಯ. 22 ಎಂದರೆ ಬಂಧಿತರಿಗಿರುವ ರಕ್ಷಣೆ. ಒಂದೇ ಆದೇಶದಲ್ಲಿ ಮೂರೂ ಹೋದವು.

ದೆಹಲಿಯ ಆ ಸಹಿ ಬೆಂಗಳೂರು ತಲುಪಲು ಎಷ್ಟು ಹೊತ್ತು ಹಿಡಿಯಿತು? ಕೆಲವೇ ಗಂಟೆ. ಸಂಸದೀಯ ಸಮಿತಿ ಸಭೆಗೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧಿತರಾಗಿ ಬೆಂಗಳೂರಿನ ಜೈಲು ಸೇರಿದರು. ‘ಸಂಸ್ಕಾರ’ ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿ, ಅಸ್ತಮಾ ಇದ್ದರೂ ತಿಂಗಳುಗಟ್ಟಲೆ ಅದೇ ಜೈಲಿನಲ್ಲಿ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧನವನ್ನು ಪ್ರಶ್ನಿಸಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆಗದು ಎಂದಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು.

ಮುಂದಿನದ್ದು ನಮ್ಮವರ ಕಥೆ. 1977ರ ಫೆಬ್ರವರಿ 11ರಂದು ಅಹ್ಮದ್ ನಿಧನರಾದರು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಬಸವತತ್ವ ಹರಡಲು 1964ರಲ್ಲಿ ಬಸವ ಸಮಿತಿ ಕಟ್ಟಿದವರು ಅವರೇ. ಅವರ ಅವಧಿಯಲ್ಲೇ, ಮಾರ್ಚ್ 21ರಂದು, ತುರ್ತು ಪರಿಸ್ಥಿತಿ ರದ್ದಾಯಿತು. ಏಪ್ರಿಲ್‌ನಲ್ಲಿ ಹೊಸ ಜನತಾ ಸರ್ಕಾರ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಾಗ ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ದೊಡ್ಡ ಗದ್ದಲವಾಯಿತು. ಕೊನೆಗೆ ಏಪ್ರಿಲ್ 30ರಂದು ಹಾಕಿದರು. ಹಳೇ ಪಕ್ಷದ ಮೇಲಿನ ಪ್ರೀತಿಗೆ ತಡ ಮಾಡಿದರು ಅಂತ ಬೈದವರಿದ್ದಾರೆ, ಸಂವಿಧಾನದ ಕಾಳಜಿ ಅಂತ ಹೊಗಳಿದವರೂ ಇದ್ದಾರೆ. ನನಗೆ ಮುಖ್ಯ ಅನ್ನಿಸೋದು ಬೇರೆ. ಆ ಪೆನ್ನು ಒಂದಿಷ್ಟು ಹೊತ್ತು ತಡೆದು ನಿಂತರೂ ದೇಶ ಮಾತಾಡುತ್ತದೆ. ಜೂನ್ 25ರ ರಾತ್ರಿ ಇಲ್ಲದೇ ಹೋದದ್ದು ಅದೇ.

ದೇಶ ಪಾಠ ಕಲಿಯಿತು. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಗೆ ಸಂಪುಟದ ಲಿಖಿತ ಸಲಹೆ ಕಡ್ಡಾಯ. 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ. ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಒಮ್ಮೆ ವಾಪಸ್ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಒಮ್ಮೆ ತಾನೇ ಅನ್ನಬೇಡಿ. 1997ರಲ್ಲಿ ಕೆ.ಆರ್. ನಾರಾಯಣನ್ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಹೀಗೇ ಹಿಂತಿರುಗಿಸಿದರು. ಸರ್ಕಾರ ಕೈಬಿಟ್ಟಿತು.

ನಾರಾಯಣನ್ ದೇಶದ ಮೊದಲ ದಲಿತ ರಾಷ್ಟ್ರಪತಿ. 2022ರಲ್ಲಿ ಗೆದ್ದ ದ್ರೌಪದಿ ಮುರ್ಮು ಆ ಪೀಠದ ಮೊದಲ ಆದಿವಾಸಿ. ಸಂತಾಲ ಹೆಣ್ಣುಮಗಳೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಬರೀ ಫೋಟೋಗಾಗಿ ಅನ್ನುವವರು ಹರಳಯ್ಯನ ಕಾಲ ನೆನಪಿಸಿಕೊಳ್ಳಲಿ. ಅದು ಸಮಾನತೆಯ ದೊಡ್ಡ ಗೆಲುವೇ. ಆದರೆ ಕುರ್ಚಿ ಯಾರಿಗೆ ಸಿಕ್ಕಿತು ಎಂಬುದು ಸಮಾನತೆಯ ಒಂದು ಅರ್ಧ. ಅಲ್ಲಿಂದ ಹೊರಡುವ ಸಹಿ 14ನೇ ವಿಧಿಯನ್ನು ಕಾಯುತ್ತದಾ ಎಂಬುದು ಇನ್ನೊಂದು ಅರ್ಧ. ನಾರಾಯಣನ್ ದೊಡ್ಡವರಾದದ್ದು ಎರಡನ್ನೂ ಕೂಡಿಸಿದ್ದಕ್ಕೆ.

ಹಾಗಾಗಿ ಮೋರಖಂಡಿಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಿಮಗೆ ಬಹಳ ಇದೆ. ಮುಂದಿನ ಸಲ ನಿಮ್ಮ ಶಾಸಕರು ಮತ ಕೇಳಲು ಬಂದಾಗ ರಸ್ತೆ, ನೀರು ಕೇಳಿ. ಜೊತೆಗೆ ಇದನ್ನೂ ಕೇಳಿ: ‘ನಮ್ಮ 131ರ ಮತವನ್ನು ಎಂಥವರಿಗೆ ಹಾಕ್ತೀರಿ ಸಾಹೇಬ್ರೆ? ಮಧ್ಯರಾತ್ರಿ ಬಂದ ಕಾಗದವನ್ನು ಓದಿ ಸಹಿ ಹಾಕುವವರಿಗೋ, ಓದದೇ ಹಾಕುವವರಿಗೋ?’