ಮೂಗು ಬೋಳಿಸಿದ ಕಾರುಗಳು

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಆಫೀಸು, ಮಗನ ಪರೀಕ್ಷೆ, ಸೋಮಾರಿತನ... ಇವುಗಳಲ್ಲಿ ನಿಮಗೆ ಇಷ್ಟ ಬಂದ ಕಾರಣ ಆರಿಸಿಕೊಳ್ಳಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಹಳೇ ಕಾಫಿಪುಡಿ ಡಬ್ಬಿಯಿಂದ. ಅದರ ವಿಷಯ ಆಮೇಲೆ ಹೇಳ್ತೀನಿ.

ನಾವಿರುವುದು ಕ್ಯಾಲಿಫೋರ್ನಿಯಾದ ರೋಸ್‌ವಿಲ್‌ನಲ್ಲಿ, ಸ್ಯಾಕ್ರಮೆಂಟೊ ಪಕ್ಕ. ಈ ಊರಿಗೆ ಇತಿಹಾಸ ಅಂತ ಏನಾದರೂ ಇದ್ದರೆ ಅದು ರೈಲ್ವೆ ಯಾರ್ಡು ಅಂದುಕೊಂಡಿದ್ದೆ. ಆದರೆ ಟಿವಿಯ ಬ್ಯಾಟ್‌ಮೊಬೈಲ್ ಕಟ್ಟಿದ ಜಾರ್ಜ್ ಬ್ಯಾರಿಸ್ ಮತ್ತು ಅವನ ಅಣ್ಣ ಸ್ಯಾಮ್ ಬೆಳೆದದ್ದು ಇದೇ ಊರಲ್ಲಂತೆ! ಷಿಕಾಗೊದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡು, ಇಲ್ಲಿನ ನೆಂಟರ ಮನೆಗೆ ಬಂದ ಗ್ರೀಕ್ ಮೂಲದ ಹುಡುಗರು ಅವರು. ಜಾರ್ಜ್ ಹದಿಹರೆಯದಲ್ಲಿ ಸ್ಯಾಕ್ರಮೆಂಟೊದ ಹ್ಯಾರಿ ವೆಸ್ಟರ್‌ಗಾರ್ಡ್ ಅನ್ನುವವನ ಹತ್ತಿರ ಕೆಲಸ ಕಲಿತ. ವೆಸ್ಟರ್‌ಗಾರ್ಡ್ ಟಿಂಕರಿಂಗ್ ಕೆಲಸದವನು. ಮನೆಯ ಶೆಡ್ಡಿನಲ್ಲೇ ಹಳೇ ಫೋರ್ಡು, ಷೆವ್ರೊಲೆಗಳಿಗೆ ಹೊಸ ರೂಪ ಕೊಡುತ್ತಿದ್ದ. ಕಸ್ಟಮ್ ಕಾರು ಅನ್ನುವ ಅಮೆರಿಕನ್ ಹುಚ್ಚಿಗೆ ಅಂಥ ಶೆಡ್ಡುಗಳೇ ತವರುಮನೆ.

ಇದೆಲ್ಲ ನನಗೆ ಗೊತ್ತಾಗಿದ್ದು ಪಕ್ಕದ ಮನೆಯ ಅಜ್ಜನಿಂದ. ಅವರಿಗೀಗ ಎಂಬತ್ತೈದು ದಾಟಿದೆ. ಹೆಸರು ಹಾಕುವುದಿಲ್ಲ, ಅವರಿಗೆ ಇಂಟರ್ನೆಟ್ ಅಂದರೇ ಆಗಲ್ಲ. ಒಂದು ಭಾನುವಾರ ಅವರ ಗ್ಯಾರೇಜಿನಲ್ಲಿ ಏಣಿ ಹಿಡಿಯೋಕೆ ಅಂತ ಹೋದವನು ಮೂರು ಗಂಟೆ ಕೂತುಬಿಟ್ಟೆ. ಆಮೇಲೆ ನಾನೇ ಒಂದಷ್ಟು ಓದಿದೆ. ಓದಿದಷ್ಟೂ ಒಂದು ಮಾತು ಕೊರೆಯತೊಡಗಿತು: ಪುಸ್ತಕಗಳಲ್ಲಿ ಇರುವುದೆಲ್ಲ ಅಂಗಡಿಯವರು ಕಟ್ಟಿದ ಕಾರುಗಳು. ಅಜ್ಜನಂಥವರು ಮನೆಯಲ್ಲಿ ಮಾಡಿಕೊಂಡ ಕಾರುಗಳು ಎಲ್ಲೂ ಇಲ್ಲ.

ಮೊದಲು ಕಸ್ಟಮ್ ಅಂದರೆ ಏನು ಅನ್ನುವುದು. ಹಾಟ್ ರಾಡ್ ಅಂತ ಕೇಳಿರುತ್ತೀರಿ, ಅದು ಓಟಕ್ಕೆ: ಭಾರ ಕಳಚಿ ಎಂಜಿನ್ ಜೋರು ಮಾಡುವುದು. ಕಸ್ಟಮ್ ನೋಟಕ್ಕೆ. ಇದರಲ್ಲೂ ದರ್ಜೆಗಳಿವೆ. ಛಾವಣಿಯನ್ನೇ ಅಡ್ಡಡ್ಡ ಕೊಯ್ದು ಕೆಲವು ಇಂಚು ತೆಗೆದು ಮತ್ತೆ ಬೆಸೆದರೆ ಅದು ರ್‍ಯಾಡಿಕಲ್. ತಗಡಿನ ಮೂಲ ಆಕಾರ ಹಾಗೇ ಉಳಿಸಿ ಒಂದಷ್ಟು ಕಳೆದು, ಒಂದಷ್ಟು ಇಳಿಸಿದರೆ ಅದು ಮೈಲ್ಡ್. 1950ರ ದಶಕದ ಕಾರು ಪ್ರದರ್ಶನಗಳಲ್ಲಿ ಇವಕ್ಕೆ ಬೇರೆ ಬೇರೆ ವಿಭಾಗ, ಬೇರೆ ಬೇರೆ ಬಹುಮಾನ.

ಮೈಲ್ಡ್ ಕಾರಿನ ಮೊದಲ ಕೆಲಸ "ನೋಸಿಂಗ್". ಅಂದರೆ ಬಾನೆಟ್ ಮೇಲಿನ ಕಂಪನಿ ಲಾಂಛನ, ಕ್ರೋಮಿನ ಅಲಂಕಾರ ಎಲ್ಲ ಕಿತ್ತು, ಅದರ ತೂತು ಮುಚ್ಚಿ, ಮೂಗು ನುಣ್ಣಗೆ ಮಾಡುವುದು. ಡಿಕ್ಕಿಯ ಹಿಡಿಕೆಯನ್ನೂ ಬರಹವನ್ನೂ ಹಾಗೇ ತೆಗೆದರೆ "ಡೆಕಿಂಗ್". ಕೋಟಿ ಕೋಟಿ ಖರ್ಚು ಮಾಡಿ ಕಂಪನಿ ತನ್ನ ಹೆಸರು ಹಣೆ ಮೇಲೆ ಕೂರಿಸಿದರೆ, ಹದಿನೇಳರ ಹುಡುಗ ಸ್ಕ್ರೂಡ್ರೈವರ್ ಹಿಡಿದು ಮೊದಲು ಕೀಳುವುದು ಅದನ್ನೇ! ಆಮೇಲೆ ಹಿಂದಿನ ಚಕ್ರ ಅರ್ಧ ಮುಚ್ಚುವ ಸ್ಕರ್ಟು, ದುಬಾರಿ ಕ್ಯಾಡಿಲಾಕ್‌ನಿಂದ ಬಿಚ್ಚಿದ ಚಕ್ರದ ಮುಚ್ಚಳ, ಕಿಟಕಿ ಪಕ್ಕ ಆಪಲ್ಟನ್ ಸ್ಪಾಟ್‌ಲೈಟು. ಗುಜರಿಯಿಂದ ತಂದ 1937ರ ಡಿಸೋಟೊ ಬಂಪರಿಗೆ ಬಹಳ ಮರ್ಯಾದೆ. ಹೆಡ್‌ಲೈಟಿನ ಸುತ್ತಿನ ಬಳೆಯನ್ನು ಮಡ್‌ಗಾರ್ಡಿಗೇ ಬೆಸೆದು ಗೆರೆ ಕಾಣದಂತೆ ಮಾಡುವುದೂ ಉಂಟು. ಉದ್ದೇಶ ಒಂದೇ, ಸಾಲದ ಕಂತಿನ ಷೆವ್ರೊಲೆ ಶ್ರೀಮಂತರು ಹೇಳಿ ಮಾಡಿಸಿಕೊಂಡ ಕಾರಿನ ಹಾಗೆ ಉದ್ದಕ್ಕೆ, ತಗ್ಗಿಗೆ ಕಾಣಬೇಕು.

ಕಾಲವೂ ಕೂಡಿಬಂದಿತ್ತು. ಯುದ್ಧದಿಂದಾಗಿ 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾಮಾನ್ಯರ ಕಾರು ತಯಾರಿಕೆಯೇ ನಿಂತುಹೋಗಿ, 1945ರಲ್ಲಿ ಮತ್ತೆ ಶುರುವಾಯಿತು. ಹೊಸ ಕಾರಿಗೆ ಪಾಳಿ, ಹಳೆಯವೇ ಗತಿ. ಸೈನ್ಯದಿಂದಲೂ ಕಾರ್ಖಾನೆಗಳಿಂದಲೂ ವೆಲ್ಡಿಂಗ್ ಕಲಿತು ಬಂದ ಹುಡುಗರು ಬೇಕಾದಷ್ಟು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಲಾಸ್ ಏಂಜಲೀಸ್‌ನಲ್ಲಿ 'ಹಾಟ್ ರಾಡ್' ಪತ್ರಿಕೆ ತಂದ, 1953ರಲ್ಲಿ ಅಂಗೈ ಅಗಲದ 'ರಾಡ್ ಆಂಡ್ ಕಸ್ಟಮ್' ಬಂತು. ಅಜ್ಜ ಅದನ್ನು ಬೀಜಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದರಂತೆ. (ನಾವು ಪತ್ತೇದಾರಿ ಕಾದಂಬರಿ ಓದುತ್ತಿದ್ದ ಹಾಗೆ :) )

ಈಗ ಅಜ್ಜನ ಕಾರಿಗೆ ಬರೋಣ. 1950ರ ಷೆವ್ರೊಲೆ, ಎರಡು ಬಾಗಿಲಿನದು. 1957ರಲ್ಲಿ, ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಎರಡು ಬೇಸಿಗೆ ದುಡಿದ ದುಡ್ಡಲ್ಲಿ ಕೊಂಡದ್ದು. ಅರ್ಧ ದುಡ್ಡು ಅಪ್ಪನದು. ಹಾಗಾಗಿ ಒಂದು ಷರತ್ತು: ಸೋಮವಾರ ಬೆಳಿಗ್ಗೆ ಐದಕ್ಕೆ ಅಪ್ಪ ಯಾರ್ಡಿಗೆ ಕೆಲಸಕ್ಕೆ ಹೋಗುವುದು ಇದೇ ಕಾರಿನಲ್ಲಿ. ಕಾರು ನಡೆಯಬೇಕು, ದೀಪ ಉರಿಯಬೇಕು, ಬಾಗಿಲು ತೆಗೆಯಬೇಕು.

ನನಗೆ ಇಡೀ ಇತಿಹಾಸದ ಬೀಗದಕೈ ಸಿಕ್ಕಿದ್ದು ಇಲ್ಲಿ. ಮೈಲ್ಡ್ ಅನ್ನುವುದನ್ನು ಪುಸ್ತಕಗಳು ಒಂದು ಅಭಿರುಚಿಯ ಹಾಗೆ ಬರೆಯುತ್ತವೆ. ಸಂಯಮ, ಸೊಗಸು, ಇತ್ಯಾದಿ. ಇರಬಹುದು. ಆದರೆ ಮನೆಯಲ್ಲಿ ಮಾಡುವವನಿಗೆ ಅದು ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯೊಳಗೆ ಮುಗಿಯಬಹುದಾದ ಕೆಲಸದ ಅಳತೆ. ಛಾವಣಿ ಕೊಯ್ದರೆ ತಿಂಗಳುಗಟ್ಟಲೆ ಕಾರು ಶೆಡ್ಡಿನಲ್ಲಿ. ಗಾಜು ಬೇರೆ ಹೊಸದಾಗಿ ಕತ್ತರಿಸಬೇಕು. ಎರಡನೇ ಕಾರು ಇದ್ದವನಿಗೆ ಮಾತ್ರ ಅದು ಸಾಧ್ಯ. ಬಾನೆಟ್ಟಿನ ತೂತಾದರೆ ಒಂದು ವಾರ ಅರ್ಧ, ಇನ್ನೊಂದು ವಾರ ಅರ್ಧ ಮುಚ್ಚಬಹುದು. ನಡುವೆ ಕೆಂಪು ಪ್ರೈಮರ್ ಬಳಿದುಕೊಂಡು ಓಡಾಡಿದರಾಯಿತು.

ಆ ತೂತು ಮುಚ್ಚುವ ಕೆಲಸವನ್ನು ಅಜ್ಜ ಕೈಯಾಡಿಸುತ್ತಾ ವಿವರಿಸುವಾಗ ನಾನು ಸೀದಾ ನಮ್ಮೂರಿಗೆ ಹೋಗಿಬಿಟ್ಟೆ. ಬೇಸಿಗೆಯಲ್ಲಿ ಕಲಾಯಿ ಸಾಬರು ಬಂದು ಅರಳಿಮರದ ಕೆಳಗೆ ತಿದಿ ಹೂಡುತ್ತಿದ್ದರಲ್ಲ? ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಲ್ಲಿ ಸರ್‍ರನೆ ಒರೆಸಿದರೆ ಹಿತ್ತಾಳೆ ಬೆಳ್ಳಿಯಾಗುತ್ತಿತ್ತು. ಕಾರಿನ ತಗಡಿಗೂ ಮೊದಲು ಮಾಡುವುದು ಅದೇ, ಕಲಾಯಿ! ತಗಡನ್ನು ಉಜ್ಜಿ ಬೆಳ್ಳಗೆ ಮಾಡಿ, ಆಸಿಡ್ ಸವರಿ, ಕಾಯಿಸಿ, ತೆಳ್ಳಗೆ ತವರ ಒರೆಸುತ್ತಾರೆ. ಅದಿಲ್ಲದಿದ್ದರೆ ಮೇಲಿನ ಸೀಸ ಕಚ್ಚಿಕೊಳ್ಳುವುದಿಲ್ಲ.

ಮೇಲೆ ತುಂಬುವುದು ಬರೀ ಸೀಸವಲ್ಲ, ನೂರಕ್ಕೆ 70 ಪಾಲು ಸೀಸ, 30 ಪಾಲು ತವರ. ಈ ಲೆಕ್ಕಕ್ಕೆ ಕಾರಣವಿದೆ. ಬರೀ ಸೀಸ 327 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ನೀರಾಗುತ್ತದೆ. ಈ ಮಿಶ್ರಣ ಮಾತ್ರ 183 ಡಿಗ್ರಿಗೆ ಮೆತ್ತಗಾಗಲು ಶುರುವಾಗಿ, ಪೂರ್ತಿ ನೀರಾಗಲು ಸುಮಾರು 255 ಡಿಗ್ರಿವರೆಗೆ ಸಮಯ ಕೊಡುತ್ತದೆ. ಆ ಎಪ್ಪತ್ತು ಡಿಗ್ರಿಯ ಸಂದಿಯಲ್ಲಿ ಅದು ಬೆಣ್ಣೆಯ ಹಾಗಿರುತ್ತದೆ. ಆಗ ಮೇಣ ಸವರಿದ ಮರದ ಹಲಗೆಯಿಂದ ತಳ್ಳಿ ಆಕಾರ ಕೊಡಬೇಕು. ಹೋಳಿಗೆ ಕಣಕದಷ್ಟೇ ನಾಜೂಕು. ಬೆಂಕಿ ಒಂದು ಕ್ಷಣ ಹೆಚ್ಚಾದರೆ ಅಷ್ಟೂ ಜಾರಿ ನೆಲಕ್ಕೆ. ಅಜ್ಜನ ಮೊದಲ ಪ್ರಯತ್ನ ಹೀಗೇ ಬೂಟಿನ ಮೇಲೆ ಬಿತ್ತಂತೆ. ಬೂಟು ಹೋಯಿತು, ಕಾಲು ಉಳಿಯಿತು. ಇನ್ನೊಂದು ಕಷ್ಟ, ಬಾನೆಟ್ ಅಗಲವಾದ ತಗಡು, ಬಿಸಿ ಜಾಸ್ತಿಯಾದರೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ಅದಕ್ಕೆ ಸುತ್ತ ಒದ್ದೆ ಗೋಣಿ ಹಾಸುವುದು. ಆರಿದ ಮೇಲೆ ಅರದಿಂದ ಉಜ್ಜಬೇಕು, ಉಪ್ಪುಕಾಗದ ಹಾಕಿದರೆ ಸೀಸದ ಧೂಳು ಮೂಗಿಗೆ. ಮುಖವಾಡ ಗಿಖವಾಡ ಆಗ ಯಾರಿಗೆ ಗೊತ್ತಿತ್ತು? ಜೊತೆಯವರು ಕೆಲವರು ಮುಂದೆ ಅದೇ ಕೆಲಸಕ್ಕೆ ಸೇರಿ ಕೈ ನಡುಗಿಸಿಕೊಂಡರು ಅಂದು ಅಜ್ಜ ಸುಮ್ಮನಾದರು. ಇಂಥ ಕಾರುಗಳಿಗೆ "ಲೆಡ್ ಸ್ಲೆಡ್", ಸೀಸದ ಜಾರುಬಂಡಿ, ಅಂತ ಹೆಸರು ಬಂದದ್ದು ಈ ಲೋಹದಿಂದಲೇ. ಆಮೇಲೆ ಪ್ಲಾಸ್ಟಿಕ್ ಪುಟ್ಟಿ ಬಂದು ಸೀಸವನ್ನು ಮೂಲೆಗೆ ತಳ್ಳಿತು.

ಇಳಿಸುವುದು ಸುಲಭ. ಮುಂದಿನ ಸುರುಳಿ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಮುಂದೆ ತಗ್ಗುತ್ತದೆ. ಹಿಂದೆ ನಮ್ಮ ಅಂಬಾಸಿಡರಿಗೆ ಇರುವಂಥ ಕಮಾನು ಪಟ್ಟಿ. ಅದಕ್ಕೂ ಆಕ್ಸಲ್ಲಿಗೂ ನಡುವೆ ಎರಡು ಮೂರು ಇಂಚಿನ ಲೋಹದ ತುಂಡಿಟ್ಟು ಉದ್ದದ ಯು-ಬೋಲ್ಟ್ ಬಿಗಿದರೆ ಮುಗಿಯಿತು. ಷಿಕಾಗೊದ ಜೆ.ಸಿ. ವಿಟ್ನಿಯಿಂದ ಅಂಚೆಯಲ್ಲಿ ತರಿಸಿಕೊಳ್ಳಬಹುದಿತ್ತು. ಅದಕ್ಕೂ ಕಾಸಿಲ್ಲದವರು ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಿದ್ದರು. ಮೆಕ್ಸಿಕನ್ ಮೂಲದ ಹುಡುಗರಿಂದ ಹಬ್ಬಿದ ಉಪಾಯ ಇದು ಅನ್ನುತ್ತಾರೆ. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸರಕಾರ ಕಾನೂನೇ ಮಾಡಿತು: ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಇಳಿಯಕೂಡದು. ರಾನ್ ಅಗೀರೆ ಅನ್ನುವವನು ಪೊಲೀಸರನ್ನು ಕಂಡಾಗ ಏರಿಸಿ, ಹೋದ ಮೇಲೆ ಇಳಿಸಲು ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಕೂರಿಸಿದ. ಲೋರೈಡರುಗಳ ಕುಣಿತ ಶುರುವಾದದ್ದು ಹೀಗೆ, ಅದು ಬೇರೆಯದೇ ಕಥೆ.

ಬಾಗಿಲ ಹಿಡಿಕೆಯನ್ನೂ ತೆಗೆದು, ಒಳಗೆ ವಿದ್ಯುತ್ತಿನ ಸೊಲೆನಾಯ್ಡ್ ಇಟ್ಟು, ಗುಟ್ಟಿನ ಗುಂಡಿ ಒತ್ತಿ ತೆರೆಯುವುದು ಆಗಿನ ದೊಡ್ಡ ಷೋಕಿ. ಅಜ್ಜ ಮಾಡಲಿಲ್ಲ. ಬ್ಯಾಟರಿ ಸತ್ತರೆ ಕಾರು ಒಳಗೆ, ಅಪ್ಪ ಹೊರಗೆ!

ಇನ್ನು ಪುಸ್ತಕದ ಕಾರುಗಳು. 1949ರಲ್ಲಿ ಮರ್ಕ್ಯುರಿ ಹೊಸ ಆಕಾರದಲ್ಲಿ ಬಂತು, ಆ ವರ್ಷವೇ 3 ಲಕ್ಷದಷ್ಟು ತಯಾರಾದವು. ಸ್ಯಾಮ್ ಬ್ಯಾರಿಸ್ ತನ್ನ ಹೊಚ್ಚಹೊಸ ಮರ್ಕ್ಯುರಿಯ ಛಾವಣಿಯನ್ನೇ ಕೊಯ್ದ. ಬಾಬ್ ಹಿರೋಹಾಟ ಎಂಬ ಜಪಾನಿ ಮೂಲದ ಯುವಕ ತನ್ನ 1951ರ ಮರ್ಕ್ಯುರಿಯನ್ನು ಬ್ಯಾರಿಸ್ ಅಂಗಡಿಗೆ ಕೊಟ್ಟು ಮಾಡಿಸಿಕೊಂಡ ಹಸಿರು ಕಾರು ಇವತ್ತಿಗೂ ಈ ಪಂಥದ ದೇವರು. 1953ರಲ್ಲಿ ಅವನು ಅದನ್ನು ಇಂಡಿಯಾನಾಪೊಲಿಸ್‌ವರೆಗೆ ಓಡಿಸಿಕೊಂಡು ಹೋದ. ಅದೇ ಕಾರನ್ನು 1959ರಲ್ಲಿ ಜಿಮ್ ಮ್ಯಾಕ್‌ನೀಲ್ ಎಂಬ ಹುಡುಗ 500 ಡಾಲರಿಗೆ ಕೊಂಡ. 2022ರಲ್ಲಿ ಅದು ಹರಾಜಾದದ್ದು ಸುಮಾರು 20 ಲಕ್ಷ ಡಾಲರಿಗೆ. ಮೈಲ್ಡ್ ಕಾರುಗಳಲ್ಲಿ ಹೆಸರು ಮಾಡಿದ್ದು ಸಿನಿಮಾದಿಂದ. 1955ರ 'ರೆಬೆಲ್ ವಿದೌಟ್ ಎ ಕಾಸ್' ನೋಡಿದವರಿಗೆ ಜೇಮ್ಸ್ ಡೀನ್‌ನ ಕೆಂಪು ಜಾಕೆಟ್ ನೆನಪಿರುತ್ತದೆ. ಮತ್ತೊಮ್ಮೆ ನೋಡಿದರೆ ಅವನ ಕಪ್ಪು 1949ರ ಮರ್ಕ್ಯುರಿ ನೋಡಿ. ಛಾವಣಿ ಹಾಗೇ ಇದೆ, ಮೂಗು ಬೋಳು. ಆ ಕಾರು ನೆವಾಡದ ರೀನೊದ ಮ್ಯೂಸಿಯಂನಲ್ಲಿದೆ.

ಉಳಿದ ಸಾವಿರಾರು? ಮದುವೆಗೆ, ಕಾಲೇಜಿಗೆ, ಸೈನ್ಯಕ್ಕೆ ಅಂತ ಮಾರಿಹೋದವು, ಗುಜರಿಗೆ ಹೋದವು. ಮಾಡಿದವನ ಹೆಸರು ಎಲ್ಲೂ ಬರೆದಿರಲಿಲ್ಲ. 1960ರ ದಶಕದಲ್ಲಿ ಕಾರ್ಖಾನೆಯೇ ತಗ್ಗಿನ, ವೇಗದ ಕಾರು ಮಾರತೊಡಗಿದಾಗ ಮನೆ ಶೆಡ್ಡಿನ ಕೆಲಸಕ್ಕೆ ಬೆಲೆಯೂ ಇಳಿಯಿತು. 1980ರಲ್ಲಿ 'ಕಸ್ಟಮ್ ಕೆಂಪ್ಸ್ ಆಫ್ ಅಮೆರಿಕ' ಅಂತ ಸಂಘ ಕಟ್ಟಿ ಮತ್ತೆ ಹುಚ್ಚು ಹಿಡಿಸಿಕೊಂಡವರು ಬಂದರು, ನಿಜ. ಅಷ್ಟರಲ್ಲಿ ಅಜ್ಜನ ಷೆವ್ರೊಲೆ ಹೋಗಿ ಹದಿನೆಂಟು ವರ್ಷವಾಗಿತ್ತು. 1962ರಲ್ಲಿ ಸೈನ್ಯದ ಕರೆ ಬಂದಾಗ ಮಾರಿದ್ದು. ಕೊಂಡವನು ಯಾರೋ ಫ್ರೆಸ್ನೊ ಕಡೆಯವನಂತೆ, ಆಮೇಲೆ ಸುಳಿವಿಲ್ಲ. ಫೋಟೊ ಇರುವುದು ಒಂದು. ಅದರಲ್ಲೂ ಕಾರಿನ ಮುಕ್ಕಾಲು ಭಾಗಕ್ಕೆ ಅವರ ಅಕ್ಕ ಅಡ್ಡ ನಿಂತಿದ್ದಾರೆ.

ಹೋದ ವಾರ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಅಜ್ಜ ಅಟ್ಟಣಿಗೆಯಿಂದ ಆ ಕಾಫಿಪುಡಿ ಡಬ್ಬಿ ಇಳಿಸಿ ಮೇಜಿನ ಮೇಲೆ ಸುರಿದರು. ಬಾನೆಟ್ಟಿನ ಕ್ರೋಮ್, ಲಾಂಛನ, ಡಿಕ್ಕಿಯ ಹಿಡಿಕೆ, ಷೆವ್ರೊಲೆಯ ಬಿಡಿ ಅಕ್ಷರಗಳು. ಅವತ್ತು ಕಿತ್ತು ಬಿಸಾಡಬೇಕಾದದ್ದನ್ನು ಅವರಮ್ಮ ಎತ್ತಿಟ್ಟಿದ್ದರಂತೆ, ಮಾರುವಾಗ ಬೇಕಾದೀತು ಅಂತ. "ಕಾರ್ ಎಲ್ಲಿದೆ?" ಅಂದ ಮಗ. ಅಜ್ಜ ನಕ್ಕು ಲಾಂಛನವನ್ನು ಮಗುಚಿ ಅವನ ಕೈಗಿಟ್ಟರು. ಹಿಂಬದಿಯಲ್ಲಿ ತುಕ್ಕು ಹಿಡಿದ ಬೋಲ್ಟಿನ ಮೊಳಕೆಗಳು. "ಒಂದೊಂದಕ್ಕೂ ಒಂದು ತೂತು. ಎಲ್ಲ ನಾನೇ ಮುಚ್ಚಿದ್ದು" ಅಂದರು. ಮಗ ಬೆರಳಿಟ್ಟು ಎಣಿಸತೊಡಗಿದ.