ಮನೆ ನಕ್ಷೆಯಲ್ಲಿ ಗೋಡೆ, ಕಿಟಕಿ ಕಾಣೆಯಾದರೆ? ರೆವಿಟ್ ಬಳಸುವವರಿಗೊಂದು ಕೈಪಿಡಿ

ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯುವ ಕೆಲಸ ಈಗ ಪಟ್ಟಣದ ಆಫೀಸುಗಳಿಗೆ ಸೀಮಿತವಾಗಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಆಟೋಕ್ಯಾಡ್ ದಾಟಿ ರೆವಿಟ್‌ನಂಥ ತಂತ್ರಾಂಶಗಳನ್ನು ಕಲಿಯುತ್ತಿದ್ದಾರೆ. ಹೊಸಬರೆಲ್ಲರಿಗೂ ಎದುರಾಗುವ ತೊಡಕೊಂದಿದೆ. ಗೋಡೆ ಹಾಕಿದ್ದಾಗಿದೆ, ಕಿಟಕಿ ಇಟ್ಟಿದ್ದಾಗಿದೆ, ಮೂರು ಆಯಾಮದ ನೋಟದಲ್ಲಿ ಎಲ್ಲವೂ ಇದೆ, ಆದರೆ ಫ್ಲೋರ್ ಪ್ಲಾನ್ ತೆರೆದರೆ ಇಲ್ಲ! ಇಂಥ ಹೊತ್ತಿನಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಕೊಡಲಾಗಿದೆ.

ಮೊದಲೇ ಒಂದು ಎಚ್ಚರಿಕೆ: ಕಾಣಿಸದ ವಸ್ತುವನ್ನು ಮತ್ತೊಮ್ಮೆ ಬರೆಯಬೇಡಿ. ಹಳೆಯದು ಅಲ್ಲಿಯೇ ಇರುತ್ತದೆ, ಹೊಸದು ಅದರ ಮೇಲೆ ಕೂರುತ್ತದೆ. ರೆವಿಟ್‌ನ ಶೆಡ್ಯೂಲ್ ಪಟ್ಟಿಗಳು ಮಾದರಿಯಲ್ಲಿ ಇರುವುದನ್ನು ಎಣಿಸುತ್ತವೆಯೇ ಹೊರತು ನಕ್ಷೆಯಲ್ಲಿ ಕಾಣುವುದನ್ನಲ್ಲ. 12 ಅಡಿ ಉದ್ದ, 10 ಅಡಿ ಎತ್ತರ, 9 ಅಂಗುಲ ದಪ್ಪದ ಒಂದು ಗೋಡೆ ಎರಡು ಸಲ ಬಿದ್ದರೆ ಲೆಕ್ಕದಲ್ಲಿ 90 ಘನ ಅಡಿ ಕಟ್ಟಡ ಕೆಲಸ ಸುಮ್ಮನೆ ಹೆಚ್ಚಾಗುತ್ತದೆ. ಆ ಲೆಕ್ಕದ ಮೇಲೆ ಕಲ್ಲು, ಸಿಮೆಂಟು ತರಿಸಿದರೆ ನಷ್ಟ ಮನೆ ಕಟ್ಟಿಸುವವರದ್ದು. ಇನ್ನೊಂದು ಕಡೆ, ನಕ್ಷೆಯಲ್ಲಿ ಬಾರದ ಕಿಟಕಿಯನ್ನು ಮೇಸ್ತ್ರಿ ಬಿಡುವುದೂ ಇಲ್ಲ. ಗೋಡೆ ಏರಿದ ಮೇಲೆ ಒಡೆಯಬೇಕಾಗುತ್ತದೆ.

ಫ್ಲೋರ್ ಪ್ಲಾನ್ ಎಂದರೇನು?

ಆಟೋಕ್ಯಾಡ್‌ನಲ್ಲಿ ನಕ್ಷೆ ಎಂದರೆ ನಾವು ಎಳೆದ ಗೆರೆಗಳು. ರೆವಿಟ್‌ನಲ್ಲಿ ಹಾಗಲ್ಲ. ಅಲ್ಲಿ ಇರುವುದು ಇಡೀ ಮನೆಯ ಒಂದು ಮಾದರಿ. ಆ ಮನೆಯನ್ನು ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ನೋಟವೇ ಫ್ಲೋರ್ ಪ್ಲಾನ್. ಕೊಯ್ಯುವ ಮಟ್ಟಕ್ಕೆ ಕಟ್ ಪ್ಲೇನ್ ಎಂದು ಹೆಸರು. ಸಾಮಾನ್ಯ ಟೆಂಪ್ಲೇಟ್‌ನಲ್ಲಿ ಅದು ನೆಲದಿಂದ 4 ಅಡಿ, ಅಂದರೆ ಸುಮಾರು 1200 ಮಿ.ಮೀ. ಎತ್ತರದಲ್ಲಿರುತ್ತದೆ. ಕತ್ತಿ ತಾಗಿದ್ದು ದಪ್ಪ ಗೆರೆಯಲ್ಲಿ, ಅದರ ಕೆಳಗಿನದು ತೆಳು ಗೆರೆಯಲ್ಲಿ ಬರುತ್ತದೆ. ಮೇಲಿನದು ಬಹುತೇಕ ಬರುವುದಿಲ್ಲ.

ಆದ್ದರಿಂದ ವಸ್ತು ಕಾಣಿಸದಿದ್ದರೆ ಕಾರಣ ಮುಖ್ಯವಾಗಿ ಎರಡು: ಕತ್ತಿಯ ಮಟ್ಟ ಸರಿಯಿಲ್ಲ, ಇಲ್ಲವೇ ಯಾವುದೋ ಪರದೆ ಅದನ್ನು ಮುಚ್ಚಿದೆ.

ಮೊದಲ ಪರೀಕ್ಷೆ

ಮೂರು ಆಯಾಮದ ನೋಟ ತೆರೆದು ವಸ್ತುವನ್ನು ಆಯ್ಕೆ ಮಾಡಿ. ಪ್ರಾಪರ್ಟೀಸ್ ಪಟ್ಟಿಯಲ್ಲಿ ಅದು ಯಾವ ಲೆವೆಲ್‌ಗೆ ಸೇರಿದೆ, ಎಷ್ಟು ಆಫ್‌ಸೆಟ್ ಇದೆ ಎಂದು ನೋಡಿ. ಕೆಳಅಂತಸ್ತಿನ ಗೋಡೆ ತಪ್ಪಿ ಮೇಲಂತಸ್ತಿಗೆ ಸೇರಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಕತ್ತಿಯ ಮಟ್ಟ: ವ್ಯೂ ರೇಂಜ್

ಪ್ಲಾನ್ ತೆರೆದು ವಿ, ಆರ್ ಕೀಲಿಗಳನ್ನು ಒಂದರ ಹಿಂದೆ ಒಂದು ಒತ್ತಿದರೆ ವ್ಯೂ ರೇಂಜ್ ಬರುತ್ತದೆ. ಟಾಪ್, ಕಟ್ ಪ್ಲೇನ್, ಬಾಟಮ್, ವ್ಯೂ ಡೆಪ್ತ್ ಎಂಬ ನಾಲ್ಕು ಅಳತೆಗಳು ಅಲ್ಲಿರುತ್ತವೆ.

* ಬಚ್ಚಲುಮನೆಯ ವೆಂಟಿಲೇಟರ್: ಇದು 6 ಅಡಿಗಿಂತ ಮೇಲಿರುವುದೇ ಹೆಚ್ಚು. 4 ಅಡಿಯಲ್ಲಿ ಕೊಯ್ದಾಗ ಅಲ್ಲಿ ಬರೀ ಗೋಡೆ ಸಿಗುತ್ತದೆ. ಇದಕ್ಕಾಗಿ ಇಡೀ ಪ್ಲಾನಿನ ಕಟ್ ಪ್ಲೇನ್ ಏರಿಸಬೇಡಿ. ವ್ಯೂ ಟ್ಯಾಬ್‌ನ ಪ್ಲಾನ್ ವ್ಯೂಸ್ ಅಡಿಯಲ್ಲಿ ಪ್ಲಾನ್ ರೀಜನ್ ಇದೆ. ವೆಂಟಿಲೇಟರ್ ಇರುವಷ್ಟು ಜಾಗಕ್ಕೆ ಅದನ್ನು ಎಳೆದು, ಅಲ್ಲಿಗೆ ಮಾತ್ರ ಬೇರೆ ಕಟ್ ಪ್ಲೇನ್ ಕೊಡಿ.
* ಅಡುಗೆಮನೆ ಕಿಟಕಿ: ಕಟ್ಟೆಯ ಮೇಲಿನ ಕಿಟಕಿ ಕೆಲವೊಮ್ಮೆ ಸರಿಯಾಗಿ 4 ಅಡಿಯಿಂದಲೇ ಶುರುವಾಗುತ್ತದೆ. ಕಟ್ ಪ್ಲೇನ್ ಸ್ವಲ್ಪ ಏರಿಸಿದರೆ ಸಾಕು.
* ಲಾಫ್ಟ್, ಸನ್‌ಶೇಡ್: ಇವು ಕತ್ತಿಗಿಂತ ಮೇಲಿನವು. ಚುಕ್ಕೆ ಗೆರೆಯಲ್ಲಿ ತೋರಿಸುವುದೇ ವಾಡಿಕೆ. ಅಂಡರ್‌ಲೇ ಮೂಲಕ ಮೇಲಿನ ಮಟ್ಟವನ್ನು ಮಸುಕಾಗಿ ತರಿಸಿ, ಲೈನ್‌ವರ್ಕ್‌ನಲ್ಲಿ ಓವರ್‌ಹೆಡ್ ಗೆರೆ ಆರಿಸಿ ಅಂಚನ್ನು ಗುರುತು ಮಾಡಬಹುದು.
* ಪ್ಯಾರಾಪೆಟ್: 6 ಅಡಿಗಿಂತ ಗಿಡ್ಡ ಗೋಡೆಗೆ ಕತ್ತಿ ತಾಗಿದರೂ ರೆವಿಟ್ ಅದನ್ನು ಕೊಯ್ದಂತೆ ತೋರಿಸುವುದಿಲ್ಲ. ತೆಳು ಗೆರೆ ಮಾತ್ರ ಬರುತ್ತದೆ. ಇದು ದೋಷವಲ್ಲ, ತಂತ್ರಾಂಶದ ನಿಯಮ.

ಗುಡ್ಡದ ಇಳಿಜಾರಿನ ಮನೆ

ಕಾಸರಗೋಡು, ವಯನಾಡು, ನೀಲಗಿರಿ ಕಡೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಜಾಗ ಮೆಟ್ಟಿಲು ಮೆಟ್ಟಿಲಾಗಿದ್ದಾಗ ಮನೆಯ ಒಂದು ಭಾಗ 3-4 ಅಡಿ ಕೆಳಗಿರುತ್ತದೆ. ಮೇಲಿನ ಭಾಗದ ನೆಲದಿಂದ 4 ಅಡಿಗೆ ಕೊಯ್ದರೆ ಕೆಳಗಿನ ಭಾಗದಲ್ಲಿ ಕತ್ತಿ 7-8 ಅಡಿಗೆ ಹೋಗುತ್ತದೆ, ಅಂದರೆ ಲಿಂಟಲ್‌ಗೂ ಮೇಲೆ. ಬಾಗಿಲು, ಕಿಟಕಿ ಬಾರದಿರುವುದು ಇದರಿಂದಲೇ. ಕೆಳಗಿನ ಭಾಗಕ್ಕೆ ಪ್ರತ್ಯೇಕ ಪ್ಲಾನ್ ರೀಜನ್ ಕೊಡುವುದೇ ಸರಿಯಾದ ದಾರಿ. ತಗ್ಗಿನಲ್ಲಿರುವ ಕಾಂಪೌಂಡ್ ಗೋಡೆ, ಸೆಪ್ಟಿಕ್ ಟ್ಯಾಂಕ್ ಕಾಣದಿದ್ದರೆ ಬಾಟಮ್ ಮತ್ತು ವ್ಯೂ ಡೆಪ್ತ್ ಎರಡನ್ನೂ ಕೆಳಗಿಳಿಸಿ.

ಪರದೆಗಳು ಯಾವುವು?

ಮಟ್ಟ ಸರಿಯಿದ್ದೂ ಕಾಣದಿದ್ದರೆ ಈ ಕ್ರಮದಲ್ಲಿ ನೋಡಿ.

1. ತೆರೆಯ ಸುತ್ತ ತಿಳಿನೀಲಿ ಚೌಕಟ್ಟು ಇದ್ದರೆ ಯಾವುದನ್ನೋ ತಾತ್ಕಾಲಿಕವಾಗಿ ಮರೆಮಾಡಲಾಗಿದೆ. ಎಚ್, ಆರ್ ಒತ್ತಿದರೆ ಮರಳಿ ಬರುತ್ತದೆ.
2. ಕೆಳಗಿನ ಪಟ್ಟಿಯ ಬಲ್ಬ್ ಚಿತ್ರ ಒತ್ತಿ. ಶಾಶ್ವತವಾಗಿ ಮರೆಮಾಡಿದವು ಕೆಂಪು ಛಾಯೆಯಲ್ಲಿ ಕಾಣುತ್ತವೆ. ಆಯ್ಕೆ ಮಾಡಿ ಅನ್‌ಹೈಡ್ ಕೊಡಿ.
3. ವಿ, ವಿ ಒತ್ತಿ. ಬರುವ ಪಟ್ಟಿಯಲ್ಲಿ ಗೋಡೆ, ಬಾಗಿಲು ಮುಂತಾದವುಗಳ ಗುರುತು ತೆಗೆದಿದೆಯೇ ನೋಡಿ. ಫಿಲ್ಟರ್ಸ್ ವಿಭಾಗವನ್ನೂ ಮರೆಯಬೇಡಿ.
4. ಕ್ರಾಪ್ ವ್ಯೂ ತೆಗೆದು ನೋಡಿ. ಚೌಕಟ್ಟಿನ ಹೊರಗಿನದು ಕತ್ತರಿಸಿಹೋಗಿರಬಹುದು.
5. ಡಿಸಿಪ್ಲಿನ್ ಸ್ಟ್ರಕ್ಚರಲ್ ಎಂದಿದ್ದರೆ ಭಾರ ಹೊರದ ಗೋಡೆಗಳು ಕಾಣುವುದಿಲ್ಲ. ಆರ್‌ಸಿಸಿ ಕಂಬಗಳ ಮನೆಯಲ್ಲಿ ಗೋಡೆಗಳೆಲ್ಲ ಮಾಯವಾಗುವುದು ಹೀಗೆ. ಆರ್ಕಿಟೆಕ್ಚರಲ್ ಎಂದು ಬದಲಿಸಿ.
6. ಫೇಸ್ ನೋಡಿ. ಹಳೆ ಮನೆಗೆ ಕೋಣೆ ಸೇರಿಸುವ ಕೆಲಸದಲ್ಲಿ ಇದು ಮುಖ್ಯ. ನೋಟದ ಫೇಸ್ ಎಕ್ಸಿಸ್ಟಿಂಗ್ ಎಂದಿದ್ದರೆ ನ್ಯೂ ಕನ್‌ಸ್ಟ್ರಕ್ಷನ್‌ನಲ್ಲಿ ಬರೆದ ಕೋಣೆ ಕಾಣುವುದಿಲ್ಲ.
7. ಹಲವರು ಒಟ್ಟಿಗೆ ಮಾಡುವ ಕೆಲಸವಾದರೆ ವರ್ಕ್‌ಸೆಟ್ ಮುಚ್ಚಿದೆಯೇ ನೋಡಿ.

ಈ ಆಯ್ಕೆಗಳು ಮಸುಕಾಗಿದ್ದು ಬದಲಾಯಿಸಲು ಬಾರದಿದ್ದರೆ ಆ ನೋಟಕ್ಕೆ ವ್ಯೂ ಟೆಂಪ್ಲೇಟ್ ಹಾಕಲಾಗಿದೆ ಎಂದರ್ಥ. ಟೆಂಪ್ಲೇಟ್ ಬದಲಿಸಿದರೆ ಅದನ್ನು ಬಳಸುವ ಎಲ್ಲ ನಕ್ಷೆಗಳೂ ಬದಲಾಗುತ್ತವೆ. ಆಫೀಸಿನಲ್ಲಿ ಹಿರಿಯರನ್ನು ಕೇಳಿಯೇ ಕೈ ಹಾಕಿ.

ಪ್ಲಾನೇ ಪಟ್ಟಿಯಲ್ಲಿಲ್ಲವೇ?

ಲೆವೆಲ್ ಅನ್ನು ಕಾಪಿ ಮಾಡಿದರೆ ಅದಕ್ಕೆ ಪ್ಲಾನ್ ತಾನಾಗಿ ಹುಟ್ಟುವುದಿಲ್ಲ. ಅಂಥ ಲೆವೆಲ್‌ನ ಗುರುತು ನೀಲಿಯ ಬದಲು ಕಪ್ಪಾಗಿರುತ್ತದೆ. ವ್ಯೂ ಟ್ಯಾಬ್‌ನ ಪ್ಲಾನ್ ವ್ಯೂಸ್‌ನಲ್ಲಿ ಫ್ಲೋರ್ ಪ್ಲಾನ್ ಆರಿಸಿ ಸೇರಿಸಿಕೊಳ್ಳಿ. ಮೇಲಂತಸ್ತಿನಲ್ಲಿ ಗ್ರಿಡ್ ಗೆರೆ ಬಾರದಿದ್ದರೆ ಎಲಿವೇಶನ್‌ನಲ್ಲಿ ಅದರ ತುದಿಯನ್ನು ಆ ಲೆವೆಲ್‌ಗಿಂತ ಮೇಲಕ್ಕೆ ಎಳೆಯಿರಿ.

ಗೆರೆ ನಡುಗುವುದು, ಮಿನುಗುವುದು

ಇದಕ್ಕೆ ನಕ್ಷೆ ಕಾರಣವಲ್ಲದಿರಬಹುದು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹೊಸದಾಗಿಸಿ. ಆಪ್ಶನ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ತೆಗೆದು ನೋಡಿ. ಸರ್ವೆ ನಕ್ಷೆ ಜೋಡಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕಾರಣ ಬೇರೆ. ಸರ್ವೆಯವರ ನಕ್ಷೆಯ ಗೆರೆಗಳು ಮೂಲಬಿಂದುವಿನಿಂದ ಲಕ್ಷಗಟ್ಟಲೆ ಮೀಟರ್ ದೂರದಲ್ಲಿರಬಹುದು. ಅಷ್ಟು ದೂರದ್ದನ್ನು ರೆವಿಟ್ ಸರಿಯಾಗಿ ಚಿತ್ರಿಸಲಾರದು. ಮನೆಯನ್ನು ರೆವಿಟ್‌ನ ಮೂಲಬಿಂದುವಿನ ಹತ್ತಿರವೇ ಇಡಿ.

ಬೇರೆ ತಂತ್ರಾಂಶಗಳಲ್ಲಿ

ಆರ್ಕಿಕ್ಯಾಡ್‌ನಲ್ಲಿಯೂ ಫ್ಲೋರ್ ಪ್ಲಾನ್ ಕಟ್ ಪ್ಲೇನ್ ಇದೆ. ಅದರೊಂದಿಗೆ ಲೇಯರ್ ಮತ್ತು ಹೋಮ್ ಸ್ಟೋರಿ ನೋಡಬೇಕು. ಸ್ಕೆಚ್‌ಅಪ್‌ನಲ್ಲಿ ಪ್ರತ್ಯೇಕ ಪ್ಲಾನ್ ಇಲ್ಲ. ಸೆಕ್ಷನ್ ಪ್ಲೇನ್‌ನಿಂದ ಕೊಯ್ದು, ಟಾಪ್ ನೋಟಕ್ಕೆ ಹೋಗಿ, ಪ್ಯಾರಲಲ್ ಪ್ರೊಜೆಕ್ಷನ್ ಹಾಕಬೇಕು. ಇಲ್ಲದಿದ್ದರೆ ಗೋಡೆಗಳು ವಾಲಿದಂತೆ ಕಾಣುತ್ತವೆ.

ಮುದ್ರಿಸುವ ಮುನ್ನ

ಮ್ಯಾನೇಜ್ ಟ್ಯಾಬ್‌ನ ವಾರ್ನಿಂಗ್ಸ್ ತೆರೆದು, ಒಂದೇ ಜಾಗದಲ್ಲಿ ಎರಡು ವಸ್ತುಗಳಿವೆ ಎಂಬ ಸೂಚನೆ ಇದ್ದರೆ ಒಂದನ್ನು ಅಳಿಸಿ. ಬಾಗಿಲು, ಕಿಟಕಿಗಳ ಶೆಡ್ಯೂಲ್ ತೆಗೆದು ಪ್ಲಾನಿನಲ್ಲಿರುವುದನ್ನು ಒಂದೊಂದಾಗಿ ಎಣಿಸಿ ತಾಳೆ ನೋಡಿ. ಎರಡೂ ಸರಿಹೊಂದಿದ ಮೇಲೆಯೇ ನಕ್ಷೆಯನ್ನು ಪಂಚಾಯಿತಿಗೋ ಮೇಸ್ತ್ರಿಗೋ ಕೊಡಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಕಂಪ್ಯೂಟರ್ ನಕ್ಷೆ ಎಂದ ಮಾತ್ರಕ್ಕೆ ತಪ್ಪಿರುವುದಿಲ್ಲ ಎಂದುಕೊಳ್ಳಬೇಡಿ. ಬಚ್ಚಲಿನ ವೆಂಟಿಲೇಟರ್ ಎಲ್ಲಿ, ಲಾಫ್ಟ್ ಎಲ್ಲಿ ಎಂದು ಕಾಗದದ ಮೇಲೆ ಬೆರಳಿಟ್ಟು ಕೇಳಿ. ತೋರಿಸಲು ಆಗದಿದ್ದರೆ ಸರಿಪಡಿಸಿದ ನಕ್ಷೆ ಬರುವ ತನಕ ಕಾಯಿರಿ.